ಮಡಿದವರ ನೆನಪು: ವೀರಗಲ್ಲೂ ನೆತ್ತರುಗೊಡಗೆಯೂ

೧

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ತ್ಯಾವಣಿಗೆಯ ಸುತ್ತಣ ಸೀಮೆಯು ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚು ಎಡೆಯನ್ನು ಪಡೆದುದಲ್ಲ. ಸೂಳೆಕೆರೆಯ ವಿಸ್ತಾರ, ಸಂತೆಬೆನ್ನೂರಿನ ಪುಷ್ಕರಣಿ, ಬಸವಾಪಟ್ಟಣದ ಪಾಳೆಯಗಾರರ ಕೋಟೆ, ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿ, ಇಷ್ಟನ್ನು ಹೇಳಿ ಮುಂದಕ್ಕೆ ಸಾಗುವುದೇ ವಾಡಿಕೆ. ಆದರೆ ಅರಸರ ಕಥೆಯನ್ನು ಬದಿಗಿಟ್ಟು, ಈ ನಾಡಿನ ಊರುಗಳು ತಮಗಾಗಿ ಮಡಿದವರನ್ನು ಹೇಗೆ ನೆನೆದುವೆಂಬುದನ್ನು ವಿಚಾರಿಸತೊಡಗಿದರೆ ಸಾಮಗ್ರಿಗೆ ಕೊರತೆಯಿಲ್ಲ. ಊರ ಬಾಗಿಲಿನ ಬಳಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳೇ ಆ ಸಾಮಗ್ರಿ.

ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಸೇರಿವೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯದಾದ ಹನ್ನೊಂದನೆಯ ಸಂಪುಟದಲ್ಲಿವೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಹುಟ್ಟುವವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೆ ಸೇರಿದ್ದುದೇ ಇದಕ್ಕೆ ಕಾರಣ. ಈ ಶಾಸನಗಳಲ್ಲಿ ದೇವಸ್ಥಾನಗಳಿಗೂ ಅಗ್ರಹಾರಗಳಿಗೂ ಕೊಟ್ಟ ದತ್ತಿಗಳ ನಡುವೆ ವೀರಗಲ್ಲುಗಳ ಬರಹಗಳೂ ಅನೇಕವಾಗಿವೆ. ಬರಹವಿಲ್ಲದ, ಕೇವಲ ಶಿಲ್ಪವುಳ್ಳ ಕಲ್ಲುಗಳು ಇವಕ್ಕಿಂತ ಹೆಚ್ಚು.

ಈ ಸೀಮೆಯಲ್ಲಿ ಇವು ಹೆಚ್ಚಾಗಿರುವುದಕ್ಕೆ ಹೇತುವು ಸ್ಪಷ್ಟ. ಬನವಾಸಿ ಹನ್ನೆರಡು ಸಾವಿರಕ್ಕೂ ನೊಳಂಬವಾಡಿ ಮೂವತ್ತೆರಡು ಸಾವಿರಕ್ಕೂ ಇದು ಎಲ್ಲೆಯ ನಾಡು. ಇಂದಿನ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯಲ್ಲಿ ಆಳಿದ ಸಿಂದರು ಒಂದು ಕಡೆ ಹೊಯ್ಸಳರಿಗೂ ಇನ್ನೊಂದು ಕಡೆ ಸೇವುಣರಿಗೂ ಸಿಕ್ಕಿದವರು. ಮಲೆನಾಡಿನ ಅಂಚಿನಿಂದ ಬಯಲುಸೀಮೆಗೆ ಇಳಿಯುವ ಈ ಹುಲ್ಲುಗಾವಲಿನ ಭೂಮಿಯಲ್ಲಿ ದನವೇ ಧನವಾಗಿತ್ತು. ಅರಸರು ಕಾದಾಡಿದಾಗ ಮೊದಲು ಹಾಳಾಗುತ್ತಿದ್ದುದು ಎಲ್ಲೆಯ ಊರು. ಮೊದಲು ಸಾಯುತ್ತಿದ್ದವನು ಆ ಊರಿನ ಒಕ್ಕಲ ಮಗ.

೨

ಸ್ಮಾರಕವೆಂಬುದಕ್ಕೆ ಲಕ್ಷಣವೇನು? ಕಲ್ಲನ್ನು ನೆಟ್ಟ ಮಾತ್ರಕ್ಕೆ ಸ್ಮರಣೆಯಾಗದು. ಎಲ್ಲೆಯ ಕಲ್ಲೂ ನೆಟ್ಟ ಕಲ್ಲೇ. ವೀರಗಲ್ಲುಗಳ ಬರಹವನ್ನೂ ಶಿಲ್ಪವನ್ನೂ ಸೇರಿಸಿ ನೋಡಿದರೆ ಅವುಗಳಲ್ಲಿ ನಾಲ್ಕು ಅಂಗಗಳು ತೋರುತ್ತವೆ: ಸತ್ತವನ ನಾಮ, ಸಾವಿನ ಕಾರಣ, ಸತ್ತ ಮೇಲಣ ಗತಿ, ಉಳಿದವರಿಗೆ ವೃತ್ತಿ. ಎಲ್ಲ ಕಲ್ಲುಗಳಲ್ಲಿಯೂ ಈ ನಾಲ್ಕೂ ಇರುವುವೆಂದಲ್ಲ. ಆದರೆ ಪೂರ್ಣವಾದ ವೀರಗಲ್ಲು ಇವುಗಳಲ್ಲಿ ಯಾವೊಂದನ್ನೂ ಬಿಡುವುದಿಲ್ಲ.

ನಾಮವೆಂಬಲ್ಲಿ ಸತ್ತವನ ಹೆಸರು ಮಾತ್ರವಲ್ಲದೆ ಆತನ ತಂದೆ, ಊರು, ಒಡೆಯ, ಕೆಲವೆಡೆ ಕಲ್ಲನ್ನು ನಿಲ್ಲಿಸಿದ ಮಗನೋ ತಮ್ಮನೋ ಹೆಂಡತಿಯೋ ಬರುತ್ತಾರೆ. ಇವರಲ್ಲಿ ಗೌಡರುಂಟು, ಸೆಟ್ಟಿಗಳುಂಟು, ದನಕಾಯುವವರುಂಟು. ಯುದ್ಧವು ಕ್ಷತ್ರಿಯರ ಧರ್ಮವೆಂದು ಸ್ಮೃತಿಗಳು ಎಷ್ಟೇ ಹೇಳಿರಲಿ, ಊರಿನ ಬಾಗಿಲಲ್ಲಿ ನಿಂತು ಸತ್ತವನ ಜಾತಿಯನ್ನು ಕೇಳಿ ಊರವರು ಕಲ್ಲು ನೆಡಲಿಲ್ಲವೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಕಾರಣವನ್ನು ಹೇಳುವುದರಲ್ಲಿ ಶಾಸನಗಳ ಭಾಷೆ ಬಹು ಖಚಿತವಾದುದು. ತುರುಗೋಳ್ ಎಂದರೆ ದನಗಳನ್ನು ಹಿಡಿಯುವುದು. ಪೆಣ್ಬುಯ್ಯಲ್ ಎಂದರೆ ಹೆಂಗಸರನ್ನು ಸೆರೆಹಿಡಿದಾಗ ಎದ್ದ ಹುಯ್ಯಲು. ಊರಳಿವು ಎಂದರೆ ಊರಿನ ನಾಶ. ಇವುಗಳಲ್ಲಿ ಯಾವುದರ ನಿಮಿತ್ತ ಸತ್ತನೆಂಬುದು ಒಂದೇ ಪದದಿಂದ ತಿಳಿಯುತ್ತದೆ. ತುರುವನ್ನು ಮಗುಳ್ಚಿ ಸತ್ತನೆಂದರೆ ದನಗಳು ಊರಿಗೆ ಮರಳಿದುವು, ಆತನು ಮರಳಲಿಲ್ಲ ಎಂದರ್ಥ. ಹಳೆಯ ಕಲ್ಲುಗಳಲ್ಲಿ ‘ಕಾದಿ ಸತ್ತಂ’, ‘ಇಱಿದು ಸತ್ತಂ’ ಎಂಬಷ್ಟೇ ಇರುತ್ತದೆ. ಮುಂದಿನ ಶತಮಾನಗಳಲ್ಲಿ ‘ಸುರಲೋಕಪ್ರಾಪ್ತನಾದಂ’ ಎಂಬಂತಹ ಸಂಸ್ಕೃತದ ಮಾತುಗಳೂ ಶಕವರ್ಷ, ಸಂವತ್ಸರ, ತಿಥಿ, ವಾರಗಳೂ ಸೇರಿಕೊಳ್ಳುತ್ತವೆ. ಪಾಂಡಿತ್ಯವು ಬೆಳೆಯಿತೆನ್ನಬಹುದು, ಆದರೆ ‘ಸತ್ತಂ’ ಎಂಬ ಬರಿಯ ಮಾತಿನಲ್ಲಿರುವ ಬಲವು ಆ ದೀರ್ಘಸಮಾಸಗಳಲ್ಲಿಲ್ಲ.

ಗತಿಯನ್ನು ತೋರಿಸುವುದು ಶಿಲ್ಪ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ. ನಡುವಣದರಲ್ಲಿ ವೀರನನ್ನು ಇಕ್ಕೆಲದಲ್ಲಿಯೂ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಣದರಲ್ಲಿ ಶಿವಲಿಂಗದ ಮುಂದೆ ಕುಳಿತ ವೀರ, ಬದಿಯಲ್ಲಿ ಪೂಜಾರಿ, ನೆತ್ತಿಯಲ್ಲಿ ಸೂರ್ಯಚಂದ್ರರು. ಯೋಗಯುಕ್ತನಾದ ಸಂನ್ಯಾಸಿಯೂ ರಣದಲ್ಲಿ ಎದುರಾಗಿ ನಿಂತು ಹತನಾದವನೂ ಸೂರ್ಯಮಂಡಲವನ್ನು ಭೇದಿಸಿ ಹೋಗುವರೆಂದು ಮಹಾಭಾರತದಲ್ಲಿಯೂ ಪರಾಶರಸ್ಮೃತಿಯಲ್ಲಿಯೂ ಹೇಳಿದೆ. ಸಂಸ್ಕೃತವನ್ನು ಓದಲಾರದ ಒಕ್ಕಲಿಗನಿಗೂ ಅದೇ ಅರ್ಥವನ್ನು ಕಲ್ಲುಕುಟಿಗನು ಮೂರು ಪಟ್ಟಿಕೆಗಳಲ್ಲಿ ತಿಳಿಯಪಡಿಸಿದನು. ಗೆದ್ದರೆ ಸಂಪತ್ತು, ಸತ್ತರೆ ದೇವಾಂಗನೆ, ಕ್ಷಣದಲ್ಲಿ ಅಳಿಯುವ ದೇಹಕ್ಕಾಗಿ ಚಿಂತೆಯೇಕೆ ಎಂಬ ಅಭಿಪ್ರಾಯದ ಸಂಸ್ಕೃತ ಶ್ಲೋಕವನ್ನು ಅನೇಕ ವೀರಗಲ್ಲುಗಳಲ್ಲಿ ಕಾಣಬಹುದು.

೩

ನಾಲ್ಕನೆಯ ಅಂಗವಾದ ವೃತ್ತಿಯನ್ನು ಕುರಿತು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ವೀರಗಲ್ಲೆಂದೊಡನೆ ಸ್ವರ್ಗವನ್ನು ನೆನೆಯುವವರು ಹೊಲವನ್ನು ಮರೆಯುತ್ತಾರೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ, ರಕ್ತಗೊಡಗೆ ಎಂಬ ಹೆಸರುಗಳುಂಟು. ಕಲ್ನಾಡು, ಬಾಳ್ಗಳ್ಚು ಎಂಬುವು ಇನ್ನೂ ಹಳೆಯವು. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವ ನಿಮಿತ್ತ ಕೊಟ್ಟ ದತ್ತಿ. ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಐದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಹಲ್ಮಿಡಿಯ ಶಾಸನದಲ್ಲಿಯೇ ಈ ಪದವಿದೆ. ಅಲ್ಲಿ ವಿಜ ಅರಸನು ಶೌರ್ಯಕ್ಕಾಗಿ ಬದುಕಿದ್ದಾಗಲೇ ಊರುಗಳನ್ನು ಪಡೆದನು. ಕನ್ನಡದ ಅತಿ ಪ್ರಾಚೀನವಾದ ಬರಹಗಳಲ್ಲಿ ಒಂದು ಕತ್ತಿಗೂ ಭೂಮಿಗೂ ಇರುವ ಈ ಸಂಬಂಧವನ್ನೇ ಹೇಳುತ್ತದೆಂಬುದನ್ನು ಸಾಹಿತ್ಯದ ಅಧ್ಯಾಪಕರು ಗಮನಿಸಬೇಕು.

ಸತ್ತವನ ವೃತ್ತಿಗೆ ಪ್ರಸಿದ್ಧವಾದ ನಿದರ್ಶನವು ಬೆಂಗಳೂರಿನ ಬಳಿಯ ಬೇಗೂರಿನ ವೀರಗಲ್ಲು. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನಿಗೆ ನೆರವಾಗಿ ಹೋಗಿ ಬೀರಮಹೇಂದ್ರನ ಮೇಲೆ ಕಾದಿದ ನಾಗತ್ತರನು ಆ ಯುದ್ಧದಲ್ಲಿ ಸತ್ತನು. ಸುದ್ದಿಯನ್ನು ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರನೆಂಬ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಹೆಸರು ಇನ್ನೊಬ್ಬನ ಮೇಲೆ ಬದುಕಿತು. ಆ ಹೆಸರಿಗೆ ಅನ್ನವೂ ಒದಗಿತು. ಬೆಂಗಳೂರೆಂಬ ಊರಿನ ಹೆಸರು ಮೊದಲು ಕಾಣುವುದೂ ಅದೇ ಬೇಗೂರಿನ ಇನ್ನೊಂದು ಕಲ್ಲಿನಲ್ಲಿ. ಅದೂ ಅರಮನೆಯ ಶಾಸನವಲ್ಲ. ನಾಗತ್ತರನ ಪರಿವಾರದವನೊಬ್ಬನು ಬೆಂಗಳೂರ ಕಾಳಗದಲ್ಲಿ ಸತ್ತುದನ್ನು ಹೇಳುವ ಬರಹ.

ಆತಕೂರಿನ ಕಲ್ಲು ಇನ್ನೂ ವಿಲಕ್ಷಣವಾದುದು. ಸುಮಾರು ೯೪೯–೫೦ರ ಈ ಶಾಸನದಲ್ಲಿ, ತಕ್ಕೋಲದ ಯುದ್ಧದ ಶೌರ್ಯಕ್ಕೆ ಮೆಚ್ಚಿದ ಬೂತುಗನು ಬೇಡಿಕೊಳ್ಳೆಂದಾಗ ಮಣಲೇರನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿ ದೊಡ್ಡ ಹಂದಿಯೊಡನೆ ಹೋರಿ ಅದರೊಡನೆಯೇ ಸತ್ತಿತೆಂದೂ, ಚಲ್ಲೇಶ್ವರದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರೆಂದೂ ಇದೆ. ಆ ಭೂಮಿಯ ಫಲವನ್ನುಂಡು ಕಲ್ಲನ್ನು ಪೂಜಿಸದವನಿಗೆ ಪಾಪವುಂಟೆಂದು ಶಾಪವೂ ಉಂಟು. ನಾಯಿಯ ಸ್ಮರಣೆಗೂ ವೃತ್ತಿಯಿಲ್ಲದಿರಲಿಲ್ಲ.

ಆದುದರಿಂದ ಸ್ವರ್ಗದ ಚಿತ್ರವು ಮನೆಯವರಿಗೆ ಸಮಾಧಾನ, ನೆತ್ತರುಗೊಡಗೆಯು ಅವರಿಗೆ ಜೀವನ ಎಂದು ವಿಭಾಗಿಸಬೇಕು. ಮೊದಲನೆಯದನ್ನು ಶಿಲ್ಪಿ ಕೊಟ್ಟನು. ಎರಡನೆಯದನ್ನು ಊರು ಅಥವಾ ಅರಸು ಕೊಡಬೇಕಾಗಿತ್ತು. ಕೊಟ್ಟುದನ್ನು ಕಲ್ಲಿನಲ್ಲಿಯೇ ಬರೆದುದರಿಂದ ಮುಂದೆ ಕಿತ್ತುಕೊಳ್ಳುವುದು ಸುಲಭವಾಗಲಿಲ್ಲ. ಸ್ಮಾರಕವು ಹಕ್ಕಿನ ಪತ್ರವೂ ಆಗಿತ್ತು.

೪

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ದನಗಳ್ಳರೊಡನೆ ಹೋರಿ ಸತ್ತವರನ್ನು ಸೈನಿಕರೊಡನೆ ಎಣಿಸುವುದು ಹೇಗೆ ಎಂಬುದು ಮೊದಲನೆಯದು. ಇದಕ್ಕೆ ವಿರಾಟಪರ್ವವೇ ಉತ್ತರ. ಸುಶರ್ಮನು ದಕ್ಷಿಣದಲ್ಲಿಯೂ ಕೌರವರು ಉತ್ತರದಲ್ಲಿಯೂ ವಿರಾಟನ ಗೋವುಗಳನ್ನು ಹಿಡಿದುದರಿಂದಲೇ ಅಲ್ಲಿಯ ಯುದ್ಧವಾಯಿತು. ಭೀಷ್ಮದ್ರೋಣರೂ ಆ ಗೋಗ್ರಹಣದಲ್ಲಿದ್ದವರೇ. ತಮಿಳಿನ ತೊಲ್ಕಾಪ್ಪಿಯವು ದನಗಳನ್ನು ಸೆರೆಹಿಡಿಯುವುದನ್ನು ವೆಟ್ಚಿ ಎಂಬ ಹೆಸರಿನಿಂದ ಯುದ್ಧದ ಮೊದಲ ಅಂಗವಾಗಿಯೇ ಹೇಳಿ, ಸತ್ತವನಿಗೆ ಕಲ್ಲನ್ನು ಆರಿಸುವುದು, ತರುವುದು, ನೀರಿನಲ್ಲಿ ತೊಳೆಯುವುದು, ನೆಡುವುದು ಮೊದಲಾಗಿ ಆರು ಹಂತಗಳನ್ನು ಹೆಸರಿಸುತ್ತದೆ. ಆದುದರಿಂದ ತುರುಗೋಳಿನಲ್ಲಿ ಸತ್ತವನು ಕಳ್ಳನನ್ನಟ್ಟಿಕೊಂಡು ಹೋದವನು ಮಾತ್ರನಲ್ಲ. ತನ್ನ ನಾಡಿನ ಮೇಲೆ ಬಂದ ಯುದ್ಧದ ಮೊದಲ ಏಟನ್ನು ತಿಂದವನು. ಹಾಗೆಂದು ಸತ್ಯವನ್ನು ಮರೆಮಾಚಬಾರದು. ಒಂದು ಊರಿನ ವೀರನು ಮತ್ತೊಂದು ಊರಿಗೆ ದಾಳಿಗಾರನಾಗಿದ್ದುದೂ ಉಂಟು. ಎರಡು ಊರುಗಳೂ ತಮ್ಮ ತಮ್ಮವರಿಗೆ ಕಲ್ಲು ನೆಟ್ಟುವು. ಎರಡು ಕಡೆಯೂ ಅಪ್ಸರೆಯರು ಇಳಿದು ಬಂದರು.

ಒಡೆಯನಿಗಾಗಿ ಸಾಯುವುದು ಬೇರೆ, ಊರಿಗಾಗಿ ಸಾಯುವುದು ಬೇರೆ ಎಂಬುದು ಎರಡನೆಯ ಆಕ್ಷೇಪ. ಇದು ವಿಚಾರಾರ್ಹವಾದುದು. ಜೋಳವಾಳಿ, ವೇಳೆವಾಳಿ ಎಂಬ ಪದಗಳನ್ನು ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟವಾದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವಿವರಿಸಿದ್ದಾರೆ. ಉಂಡ ಜೋಳದ ಋಣಕ್ಕಾಗಿ ಕಾದುವುದು ಜೋಳವಾಳಿ. ಒಡೆಯನೊಡನೆ ಸಾಯುವೆನೆಂದು ಭಾಷೆ ಕೊಡುವುದು ವೇಳೆವಾಳಿ. ಪಂಪನ ಕರ್ಣನು ದುರ್ಯೋಧನನನ್ನು ಬಿಡದಿದ್ದುದು ಈ ಋಣದಿಂದಲೇ. ಹಳೇಬೀಡಿನ ಕಂಬದ ಶಾಸನದಲ್ಲಿರುವ ಕುವರಲಕ್ಷ್ಮನು ೧೨೨೦ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿಯೊಡನೆಯೂ ಗರುಡರಾದ ಪರಿವಾರದವರೊಡನೆಯೂ ಪ್ರಾಣ ಬಿಟ್ಟನು. ಇದರಲ್ಲಿ ನಿಷ್ಠೆಯ ಪರಾಕಾಷ್ಠೆಯುಂಟು. ಆದರೆ ಆ ಸಾವಿನಿಂದ ಯಾವ ಊರಿನ ದನವೂ ಮರಳಲಿಲ್ಲ, ಯಾವ ಸೆರೆಯೂ ಬಿಡಲಿಲ್ಲ. ಊರಳಿವಿನಲ್ಲಿ ಸತ್ತವನಿಗೂ ಇವನಿಗೂ ಶಾಸನಗಳೇ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿವೆ. ಇಂದಿನವರೂ ಆ ಭೇದವನ್ನು ಅಳಿಸಬಾರದು.

ಮಾಸ್ತಿಕಲ್ಲುಗಳ ವಿಷಯವೂ ಇದಕ್ಕೆ ಸೇರಿದುದು. ಬಳೆತೊಟ್ಟ ಕೈಯನ್ನು ಮೇಲಕ್ಕೆತ್ತಿದ ಆ ಶಿಲ್ಪವು ವೀರಗಲ್ಲಿನ ಬಳಿ, ಕೆಲವೆಡೆ ಅದೇ ಕಲ್ಲಿನಲ್ಲಿ, ಕಾಣುತ್ತದೆ. ಗಂಡನ ಸ್ಮರಣೆಗೆ ಹೆಂಡತಿಯ ಪ್ರಾಣವನ್ನು ಬೇಡಿದ ಪದ್ಧತಿಯನ್ನು ಹೊಗಳಬೇಕಾದ ಕಾರಣವಿಲ್ಲ. ಆದರೆ ಆ ಕಲ್ಲುಗಳನ್ನು ಮುಚ್ಚಿಡುವುದೂ ಸಲ್ಲದು. ನೆತ್ತರುಗೊಡಗೆಯು ವಿಧವೆಯನ್ನು ಬದುಕಿಸಿದ ಮಾರ್ಗ, ಮಾಸ್ತಿಕಲ್ಲು ಆಕೆಯನ್ನು ಸುಟ್ಟ ಮಾರ್ಗ; ಒಂದೇ ಸಮಾಜದಲ್ಲಿ ಎರಡೂ ಇದ್ದುವು. ಯಾವುದು ಅನುಸರಣೀಯವೆಂಬುದನ್ನು ಹೇಳಬೇಕಾದುದಿಲ್ಲ.

೫

ಇನ್ನು ಈಚಿನ ಕಾಲಕ್ಕೆ ಬಂದರೆ, ಈ ನಾಡಿನ ಸೈನಿಕನು ಊರಿನ ಬಾಗಿಲನ್ನು ಬಿಟ್ಟು ಸಮುದ್ರವನ್ನು ದಾಟುತ್ತಾನೆ. ೧೯೧೪ರ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆಪಡೆ ಈಜಿಪ್ಟಿಗೆ ಹೋಗಿ ಸುಯೆಜ್ ಕಾಲುವೆಯ ಕಾವಲಿನಲ್ಲಿ ನಿಂತು, ಮುಂದೆ ಪಾಲೆಸ್ತೀನದಲ್ಲಿ ಕಾದಿತು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಹಿಡಿಯುವಾಗ ಜೋಧಪುರದ ಸವಾರರು ಪಟ್ಟಣಕ್ಕೆ ನುಗ್ಗಿದರು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಇಳಿಜಾರುಗಳಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರು. ದೆಹಲಿಯಲ್ಲಿ ೧೯೨೨ರಲ್ಲಿ ನಿಂತ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು. ಇನ್ನೆರಡು ಹೈದರಾಬಾದು ಜೋಧಪುರಗಳವು. ಬೆಂಗಳೂರಿನಲ್ಲಿಯೂ ಮೈಸೂರಿನ ಕುದುರೆಪಡೆಯ ಸ್ಮಾರಕವುಂಟು.

ಈ ಕಾಲದ ಸ್ಮಾರಕಗಳನ್ನು ಮೇಲಣ ನಾಲ್ಕು ಅಂಗಗಳಿಂದ ಪರೀಕ್ಷಿಸಿದರೆ ಒಂದು ವಿಚಿತ್ರವು ತೋರುತ್ತದೆ. ಮಹಾಯುದ್ಧವಾದ ಮೇಲೆ ಸರ್ಕಾರವು ಹಿಂದೂಸ್ಥಾನದ ಅನೇಕ ಹಳ್ಳಿಗಳಲ್ಲಿ ಚಿಕ್ಕ ಶಿಲಾಫಲಕಗಳನ್ನು ಹಾಕಿಸಿತು. ಈ ಊರಿನಿಂದ ಇಷ್ಟು ಮಂದಿ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂಬುದಷ್ಟೇ ಅದರ ಒಕ್ಕಣೆ. ಸಂಖ್ಯೆಯುಂಟು, ನಾಮವಿಲ್ಲ. ಬಾಸ್ರಾದಲ್ಲಿ ೧೯೨೯ರಲ್ಲಿ ತೆರೆಯಲ್ಪಟ್ಟ ದೊಡ್ಡ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಪಡೆಯ ಹೆಸರಿನ ಕೆಳಗೆ ಸಂಖ್ಯೆಯಾಗಿ ನಮೂದಿಸಿದರು. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು ತಾನೇ ನೇಮಿಸಿದ ಸಮಿತಿಯ ೧೯೨೧ರ ನೂರು ವರ್ಷಗಳ ತರುವಾಯದ, ಎಂದರೆ ೨೦೨೧ರ ವರದಿಯಲ್ಲಿ, ೪೫,೦೦೦ದಿಂದ ೫೪,೦೦೦ದವರೆಗೆ ಮಂದಿಯ ಸ್ಮರಣೆಯು ಅಸಮವಾಗಿ ನಡೆಯಿತೆಂದೂ, ಕಡಮೆಯೆಂದರೆ ಇನ್ನೂ ೧,೧೬,೦೦೦ ಮಂದಿಯ ಹೆಸರನ್ನೇ ಬರೆಯದೆ ಬಿಟ್ಟಿರುವುದೆಂದೂ ಒಪ್ಪಲಾಗಿದೆ. ಇವರಲ್ಲಿ ಬಹುಮಂದಿ ಭಾರತದವರು, ಆಫ್ರಿಕದವರು, ಈಜಿಪ್ಟಿನವರು. ಒಂದು ಸಾಮ್ರಾಜ್ಯಕ್ಕೆ ಮಾಡಲಾಗದ ಕೆಲಸವನ್ನು ಸಾವಿರ ವರ್ಷಗಳ ಹಿಂದೆ ಚನ್ನಗಿರಿ ಹೊನ್ನಾಳಿ ಸೀಮೆಯ ಸಣ್ಣ ಊರುಗಳು ಮಾಡಿದ್ದುವು: ಸತ್ತ ಒಕ್ಕಲ ಮಗನ ಹೆಸರನ್ನು ಬರೆದಿದ್ದುವು.

ಹೆಸರನ್ನು ಬರೆದ ಮಾತ್ರಕ್ಕೆ ಕಲ್ಲು ಉಳಿಯುವುದೆಂದೂ ಇಲ್ಲ. ಸುಯೆಜ್ ಕಾಲುವೆಯ ದಡದ ಪೋರ್ಟ್ ತೌಫೀಕ್‌ನಲ್ಲಿ ೧೯೨೬ರಲ್ಲಿ ತೆರೆದ ಸ್ಮಾರಕದಲ್ಲಿ ಈಜಿಪ್ಟು ಪಾಲೆಸ್ತೀನಗಳಲ್ಲಿ ಸತ್ತ ಸುಮಾರು ೪,೦೦೦ ಭಾರತೀಯ ಸೈನಿಕರ ಸ್ಮರಣೆಯಿತ್ತು. ೧೯೬೭ರಿಂದ ಮುಂದೆ ಇಸ್ರೇಲು ಈಜಿಪ್ಟುಗಳ ಕಾಳಗದಲ್ಲಿ ಅದು ಹಾಳಾಗಿ, ಆ ಹೆಸರುಗಳಿಗೆ ೧೯೮೦ರಲ್ಲಿ ಕೈರೋವಿನ ಹೀಲಿಯೋಪೊಲಿಸ್‌ನಲ್ಲಿ ಬೇರೆ ಸ್ಥಳವನ್ನು ಮಾಡಬೇಕಾಯಿತು. ಯುದ್ಧದಲ್ಲಿ ಸತ್ತವರ ಕಲ್ಲು ಮತ್ತೊಂದು ಯುದ್ಧದಲ್ಲಿ ಸತ್ತಿತು.

ಸ್ವಾತಂತ್ರ್ಯಾನಂತರದ ಸ್ಮಾರಕಗಳಲ್ಲಿ ನಾಮವೆಂಬ ಅಂಗವು ಮರಳಿ ಬಂದಿದೆ. ೨೦೧೯ನೆಯ ಫೆಬ್ರವರಿ ೨೫ರಂದು ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧಸ್ಮಾರಕದ ತ್ಯಾಗಚಕ್ರದಲ್ಲಿ ೨೫,೦೦೦ಕ್ಕೂ ಮಿಕ್ಕ ಸೈನಿಕರ ಹೆಸರುಗಳನ್ನು ಒಂದೊಂದು ಕಲ್ಲಿನಲ್ಲಿ ಒಂದೊಂದಾಗಿ, ಪದವಿ ಪಡೆಗಳೊಡನೆ ಕೆತ್ತಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿದ ಎತ್ತರವಾದ ಏಕಶಿಲೆಗೆ ವೀರಗಲ್ಲೆಂದೇ ಹೆಸರಿಟ್ಟಿದ್ದಾರೆ. ಹಳೆಯ ಪದಕ್ಕೆ ಇನ್ನೂ ಜೀವವಿದೆಯೆಂಬುದಕ್ಕೆ ಇದು ಸಾಕ್ಷಿ. ವೃತ್ತಿಯ ಸ್ಥಾನದಲ್ಲಿ ಕುಟುಂಬದ ಪಿಂಚಣಿಯುಂಟು. ೧೯೪೯ರಿಂದ ಪ್ರತಿವರ್ಷವೂ ಡಿಸೆಂಬರ್ ೭ರಂದು ಸೈನಿಕರ ಸಂಸಾರಗಳಿಗಾಗಿ ಧ್ವಜದಿನದ ನಿಧಿಯನ್ನು ಕೂಡಿಸುತ್ತಾರೆ. ಹೀಗೆ ನಾಮವೂ ವೃತ್ತಿಯೂ ಸಿದ್ಧಿಸಿವೆ. ಆದರೆ ಅವೆರಡೂ ಒಂದೇ ಕಲ್ಲಿನಲ್ಲಿಲ್ಲ, ಆ ಕಲ್ಲು ಸತ್ತವನ ಊರಿನಲ್ಲಿಲ್ಲ. ದೆಹಲಿಯ ಕಲ್ಲು ದೇಶಕ್ಕೆ ಸೇರಿದುದು. ತ್ಯಾವಣಿಗೆಯಂತಹ ಊರಿನ ತಾಯಿಯು ಸಂಜೆ ದೀಪವಿಟ್ಟು ಬರಲು ಅದು ದೂರ.

೬

ಈ ವಿಚಾರದಿಂದ ಎರಡು ಕರ್ತವ್ಯಗಳು ಸಿದ್ಧಿಸುತ್ತವೆ. ಇರುವ ಕಲ್ಲುಗಳನ್ನು ಉಳಿಸುವುದು ಮೊದಲನೆಯದು. ಆರ್. ಶೇಷಶಾಸ್ತ್ರಿಗಳ ‘ಕರ್ಣಾಟಕದ ವೀರಗಲ್ಲುಗಳು’ ಎಂಬ ಗ್ರಂಥವೂ, ಎಸ್. ಶೆಟ್ಟರ್ ಸೊಂತೈಮರ್ ಇವರು ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥವೂ ೧೯೮೨ರಲ್ಲಿಯೇ ಇವುಗಳ ಮಹತ್ತ್ವವನ್ನು ತೋರಿಸಿಕೊಟ್ಟುವು. ಆದರೂ ಬರಹವಿಲ್ಲದ ಕಲ್ಲುಗಳು ಬಟ್ಟೆಯೊಗೆಯುವ ಕಲ್ಲಾಗಿಯೂ ಕಟ್ಟೆಯ ಮೆಟ್ಟಿಲಾಗಿಯೂ ಗೋಡೆಯ ತುಂಡಾಗಿಯೂ ಹೋಗುತ್ತಿವೆ. ಬರಹವುಳ್ಳವು ಎಷ್ಟೋ ಕಡೆ ಎಣ್ಣೆ ಕುಂಕುಮಗಳಡಿಯಲ್ಲಿ ದೇವರಾಗಿ ನಿಂತಿವೆ. ಪೂಜೆಯು ಕಲ್ಲನ್ನು ಕಾಪಾಡಿತು, ಹೆಸರನ್ನು ಮರೆಸಿತು. ಅಂತಹ ಕಡೆಗಳಲ್ಲಿ ಪೂಜೆಯನ್ನು ತಪ್ಪಿಸದೆಯೇ ಅಕ್ಷರಗಳ ಪ್ರತಿಯನ್ನು ತೆಗೆದಿಟ್ಟು, ಆ ದೇವರು ಹಿಂದೊಮ್ಮೆ ತಮ್ಮೂರಿನವನೇ ಆಗಿದ್ದನೆಂಬುದನ್ನು ಊರವರಿಗೆ ತಿಳಿಯಹೇಳಬೇಕು.

ಎರಡನೆಯದು ಇಂದಿನವರನ್ನು ಕುರಿತದ್ದು. ಸೈನ್ಯಕ್ಕೆ ಸೇರಿ ಸೇವೆಯಲ್ಲಿರುವಾಗಲೇ ಮಡಿದವರ ಹೆಸರನ್ನು, ತಂದೆತಾಯಿಗಳ ಹೆಸರಿನೊಡನೆ, ಎಲ್ಲಿ ಯಾವ ನಿಮಿತ್ತ ಸತ್ತರೆಂಬ ಕಾರಣದೊಡನೆ, ಸತ್ತವರ ಊರಿನ ಶಾಲೆಯಲ್ಲಿಯೋ ಗ್ರಾಮಪಂಚಾಯಿತಿಯಲ್ಲಿಯೋ ಬರೆದಿಡಬೇಕು. ಕಾಳಗದಲ್ಲಿ ಸತ್ತವನನ್ನು ಮಾತ್ರವಲ್ಲ, ಹಿಮದಲ್ಲಿ ಹೂತುಹೋದವನನ್ನೂ ರೋಗದಿಂದ ಸತ್ತವನನ್ನೂ ಬರೆಯಬೇಕು. ಕಾರಣವನ್ನು ಇದ್ದಂತೆಯೇ ಹೇಳಬೇಕು. ‘ವೀರಸ್ವರ್ಗವನ್ನೈದಿದನು’ ಎಂಬುದಕ್ಕಿಂತ, ಇಂತಹ ದಿನ ಇಂತಹ ಕಡೆ ಹೀಗೆ ಸತ್ತನು ಎಂಬುದು ಮೇಲು. ಹಳ್ಳಿಯ ಉಪಾಧ್ಯಾಯರು ಈ ಕೆಲಸಕ್ಕೆ ತಕ್ಕವರು. ಸತ್ತವನ ಗುರುಗಳು, ಗೆಳೆಯರು, ನೆರೆಯವರು ಬದುಕಿರುವಾಗಲೇ ಇದು ನಡೆಯಬೇಕು. ಒಂದು ತಲೆಮಾರು ಕಳೆದರೆ ಹೆಸರು ಉಳಿದು ಮನುಷ್ಯನು ಹೋಗುತ್ತಾನೆ, ಎರಡು ಕಳೆದರೆ ಹೆಸರೂ ಹೋಗುತ್ತದೆ.

ವೀರಗಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿದವರು ಅವರಿರುವವರೆಗೂ ಈ ಸ್ಮರಣೆಯಿರಲೆಂದು ಹಾರೈಸಿದರು. ಸೂರ್ಯಚಂದ್ರರು ಇದ್ದಾರೆ, ಕಲ್ಲುಗಳಲ್ಲಿ ಬಹುಮಟ್ಟಿನವು ಇವೆ. ಓದುವವರು ಕಡಮೆಯಾಗಿದ್ದಾರೆ. ಆ ಕೊರತೆಯನ್ನು ತುಂಬುವುದು ಅಕ್ಷರಬಲ್ಲವರ ಪಾಲಿಗೆ ಬಂದ ಜೋಳವಾಳಿ.